ಆಯಿಲ್ ಸೋರಿದ ಜಾಗ

ಮೊದಲ ಏಟಿಗೆ ಡ್ರೈವರ್‌ನ ಎರಡು ಹಲ್ಲು ಹಾರಿದವು. ಒಂದು ಸ್ಪ್ಯಾನರ್ ಡಬ್ಬಿಗೆ ಬಿತ್ತು. ಇನ್ನೊಂದು ಈವರೆಗೂ ಸಿಕ್ಕಿಲ್ಲ. ಎರಡನೆಯ ಏಟಿಗೆ ಗ್ಯಾರೇಜಿನ ತಗಡು ಹೇಗೆ ನಡುಗಿತೆಂದರೆ, ಪಕ್ಕದ ಕ್ಷೌರದಂಗಡಿಯಲ್ಲಿ ಯಾರದೋ ಅರ್ಧ ಮೀಸೆ ಹೋಯಿತು.

ಹೊಡೆಯುತ್ತಿದ್ದ ಮೆಕ್ಯಾನಿಕ್‌ನನ್ನು ಊರು ‘ಸುತ್ತಿಗೆ’ ಎಂದೇ ಕರೆಯುತ್ತಿತ್ತು. ಕೆಟ್ಟು ನಿಂತ ಇಂಜಿನ್‌ಗಳು ಅವನ ಕೆಮ್ಮು ಕೇಳಿದರೇ ಸ್ಟಾರ್ಟ್ ಆಗುತ್ತಿದ್ದವು. ಹಳೇ ಕಾರಿನ ಆಯಿಲ್ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದರಲ್ಲಂತೂ ಸುತ್ತ ಏಳೂರಿನಲ್ಲಿ ಅವನ ಸಮ ಇನ್ನೊಬ್ಬನಿರಲಿಲ್ಲ. ಇಂಜಿನ್ ತೊಳೆದು ಒಣಗಿಸುತ್ತಿದ್ದ. ಈಚೆಗೆ ಹೊಸ ಉಪಾಯವೊಂದನ್ನೂ ಕಲಿತಿದ್ದ: ಆಯಿಲ್‌ಗೆ ಒಂದು ಚಮಚ ಬಣ್ಣ ಬೆರೆಸಿ, ಕಾರನ್ನು ನಾಲ್ಕು ದಿನ ಓಡಿಸಿ ತರಿಸುವುದು. ಆಮೇಲೆ ಬಾಗಿಲು ಮುಚ್ಚಿ ನೇರಳೆ ದೀಪ ಹಿಡಿದರೆ, ಸೋರಿದ ಜಾಗ ಹಸಿರಾಗಿ ಉರಿಯುತ್ತದೆ. ಆ ಬಣ್ಣ, ಆ ದೀಪ ಊರಿನಲ್ಲಿ ಇದ್ದದ್ದು ಅವನೊಬ್ಬನ ಬಳಿ. ಎರಡು ತಿಂಗಳ ಹಿಂದೆ ಹೊಸದಾಗಿ ತರಿಸಿದ್ದು. ಬಣ್ಣ ಬೆರೆಸಿದ್ದು ಒಂದೇ ಕಾರಿಗೆ: ಈ ಡ್ರೈವರ್‌ನ ಮುದಿ ಬಾಡಿಗೆ ಕಾರಿಗೆ.

ಆ ಕಾರು ಈಗ ಮತ್ತೆ ಸೋರುತ್ತಿತ್ತು. ಮಟಮಟ ಮಧ್ಯಾಹ್ನ ಷಟರ್ ಎಳೆದು, ಸುತ್ತಿಗೆ ದೀಪ ಹೊತ್ತಿಸಿದ್ದ. ತಿರುಗುವಾಗ ಬೆಳಕು ಗೋಡೆಯ ಮೇಲೆ ಹಾದುಹೋಯಿತು. ಅಲ್ಲಿ ಮೊಳೆಗೆ ಅವನ ತಂಗಿಯ ಪ್ಯಾಂಟು ನೇತುಹಾಕಿತ್ತು.

ಪ್ಯಾಂಟಿನ ಬಲಗಾಲು ಮೊಣಕಾಲಿನವರೆಗೆ ಮಾತ್ರ ಇತ್ತು. ಆಸ್ಪತ್ರೆಯವರು ಕತ್ತರಿಸಿದ್ದು. ಕಾಲನ್ನೂ ಅಲ್ಲಿಗೇ ಕತ್ತರಿಸಿದ್ದರು.

ಹೋದ ತಿಂಗಳು, ಜಡಿಮಳೆಯಲ್ಲಿ, ಗ್ಯಾರೇಜಿನ ಹಿಂದಿನ ಓಣಿಯಲ್ಲಿ ಯಾವುದೋ ಗಾಡಿ ಅವಳ ಕಾಲ ಮೇಲೆ ಹತ್ತಿ ಹೋಗಿತ್ತು. ನೋಡಿದವರಿಲ್ಲ. “ಆ ಮಳೇಲಿ ನಂಗೇ ಏನೂ ಕಾಣಲಿಲ್ಲ ಅಣ್ಣ” ಎಂದಿದ್ದಳು. ಸುತ್ತಿಗೆ ಆಸ್ಪತ್ರೆಯ ಗೋಡೆ ಬಿರುಕು ಬಿಡುವಂತೆ ಕೂಗಿ ಆಣೆ ಇಟ್ಟಿದ್ದ: ಹತ್ತಿಸಿದವನು ಯಾರೇ ಆಗಿರಲಿ, ಅವನ ಬಲಗಾಲನ್ನು ತಾನೇ ಪುಡಿ ಮಾಡುತ್ತೇನೆ. ಆಣೆಯ ನೆನಪಿಗೆ ಆ ಪ್ಯಾಂಟನ್ನು ತಂದು ಗ್ಯಾರೇಜಿನ ಗೋಡೆಗೆ ಹಾಕಿದ್ದ. ಆಡಿದ್ದನ್ನು ಮಾಡದೆ ಬಿಟ್ಟವನೇ ಅಲ್ಲ. ಒಬ್ಬನ ಬೆರಳು ಮುರಿಯಲು ಮುನ್ನೂರು ಮೈಲಿ ಹೋಗಿ, ಮುರಿದು, ಅದೇ ಬಸ್ಸಿನಲ್ಲಿ ವಾಪಸ್ ಬಂದಿದ್ದ. ಪಂತದಲ್ಲಿ ಸೋತಾಗ ತನ್ನದೇ ದವಡೆ ಹಲ್ಲನ್ನು ಇಕ್ಕಳದಲ್ಲಿ ಕಿತ್ತು ಮೇಜಿನ ಮೇಲಿಟ್ಟಿದ್ದ.

ನೇರಳೆ ಬೆಳಕಿನಲ್ಲಿ ಆ ಪ್ಯಾಂಟಿಗೆ ಹತ್ತಿದ್ದ ಆಯಿಲ್ ಕಲೆ ಹಸಿರಾಗಿ ಉರಿದಿತ್ತು.

ಈಗ ಡ್ರೈವರ್ ಅಂಗಾತ ಬಿದ್ದಿದ್ದ. ಬಲಗಾಲು ಅವನದೇ ಕಾರಿನ ಮುಂಚಕ್ರದ ಕೆಳಗೆ. ಎದೆಯ ಮೇಲೆ ಸುತ್ತಿಗೆಯ ಮಂಡಿ. ಚಕ್ರವನ್ನು ಗೇಣೆತ್ತರ ಎತ್ತಿ ನಿಲ್ಲಿಸಿದ್ದದ್ದು ಒಂದು ಜಾಕ್, ಅಷ್ಟೇ.

“ಮೇಸ್ತ್ರೀ, ದಮ್ಮಯ್ಯ! ನಾನಲ್ಲ!”

“ನೀನಲ್ದೆ ನಿಮ್ಮಪ್ಪನಾ? ಕಾರು ಸೋರಿದ್ದಕ್ಕೆ ನನ್ ಹತ್ರ ಬಂದೆ. ಕಾಲು ಸೋರಿದ್ರೆ ಯಾರ ಹತ್ರ ಹೋಗ್ತೀಯೋ ನೋಡೋಣ.”

ಜಾಕಿನ ತಿರುಪು ಕಾಲು ಸುತ್ತು ತಿರುಗಿತು. ಚಕ್ರ ಎರಡು ಬೆರಳು ಇಳಿಯಿತು. ಡ್ರೈವರ್‌ನ ಕಿರುಚಾಟಕ್ಕೆ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಊರುಗೋಲಿನ ಸದ್ದು.

“ಬಿಡಣ್ಣ ಅವನನ್ನ! ಅವನಲ್ಲ!” ತಂಗಿ ಕೂಗಿದಳು.

“ನೀನೇ ಏನೂ ಕಾಣಲಿಲ್ಲ ಅಂದ್ಯಲ್ಲ? ಇವನಲ್ಲ ಅಂತ ಹೇಗೆ ಗೊತ್ತು?”

ಅವಳು ಊರುಗೋಲು ಊರಿ ಕಾರಿನ ಮುಂದೆ ಬಂದಳು.

ತಿರುಪು ಇನ್ನಷ್ಟು ತಿರುಗಿತು. ಟೈರು ಮೊಣಕಾಲಿನ ಚಿಪ್ಪಿಗೆ ತಾಗಿ, ಒತ್ತಿತು. ಡ್ರೈವರ್‌ನ ಕಿರುಚಾಟದಲ್ಲಿ ಈಗ ದನಿ ಇರಲಿಲ್ಲ, ಗಾಳಿ ಮಾತ್ರ.

“ಅಯ್ಯೋ, ಬಾಯಿ ಬಿಡಯ್ಯಾ!” ತಂಗಿ ಊರುಗೋಲಿನಿಂದ ಬಾನೆಟ್ಟಿಗೆ ಬಡಿದಳು. “ಅವತ್ತು ನಿನ್ ಕಾರು ಎಲ್ಲಿತ್ತು ಅಂತ ಹೇಳು!”

“ಇಲ್ಲೇ...” ಡ್ರೈವರ್ ರಕ್ತ ಉಗುಳಿದ. “ಈ ಜಾಕ್ ಮೇಲೇ... ಬೆಳಿಗ್ಗೆ ನೀವೇ ಆಯಿಲ್ ಇಳಿಸಿ, ಪ್ಯಾನ್ ಬಿಚ್ಚಿಟ್ರಿ ಮೇಸ್ತ್ರಿ. ಗ್ಯಾಸ್ಕೆಟ್ ತರ್ತೀನಿ ಅಂತ... ಮಳೇಲಿ... ನೀವೇ ಹೋದ್ರಿ.”

ಸುತ್ತಿಗೆಯ ಕೈ ನಿಂತಿತು. ಅವನ ಕೈ ಹಾಗೆ ನಿಂತದ್ದನ್ನು ಊರು ಅಲ್ಲಿಯವರೆಗೆ ಕಂಡಿರಲಿಲ್ಲ.

ಇಳಿಸಿದ ಆಯಿಲ್. ನಾಲ್ಕೇ ದಿನ ಓಡಿದ್ದು, ಜೇನಿನಷ್ಟು ತಿಳಿ. ಯಾವ ಮೆಕ್ಯಾನಿಕ್ ಅದನ್ನು ಚೆಲ್ಲುತ್ತಾನೆ? ಊರ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನ ಸ್ವಂತ ಕಾರು ಯಾವಾಗಲೂ ಸೋರುತ್ತಲೇ ಇರುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಅದರ ಹೊಟ್ಟೆಗೇ ಸುರಿಯುತ್ತಾನೆ. ಅವತ್ತೂ ಸುರಿದುಕೊಂಡೇ ಹೊರಟಿದ್ದ.

ಜಾಕಿನ ತಿರುಪು ಬಿಗಿದು, ಅದರ ಹಿಡಿಯನ್ನು ಎರಡು ಸಲ ತುಳಿದ. ಚಕ್ರ ಮೇಲೆದ್ದಿತು. ಡ್ರೈವರ್ ಕಾಲೆಳೆದುಕೊಂಡು ಅಂಬೆಗಾಲಿನಲ್ಲಿ ಮೂಲೆ ಸೇರಿದ. ಸುತ್ತಿಗೆ ದೀಪ ಹಿಡಿದು, ಹಿಂಬಾಗಿಲ ಪಕ್ಕ ನಿಂತಿದ್ದ ತನ್ನ ಕಾರಿನ ಬಳಿಗೆ ನಡೆದ. ಬಗ್ಗಿದ.

ನೆಲವೆಲ್ಲ ಹಸಿರಾಗಿ ಉರಿಯುತ್ತಿತ್ತು.

ಅವತ್ತು ರಿವರ್ಸ್ ತೆಗೆಯುವಾಗ ಟೈರಿಗೆ ಏನೋ ತಡೆದಿತ್ತು. ಓಣಿಯಲ್ಲಿ ಬಿಸಾಡಿದ್ದ ಹಳೇ ಟೈರು ಎಂದುಕೊಂಡು ಇನ್ನೂ ಒತ್ತಿ ತುಳಿದಿದ್ದ.

“ನಿಂಗೆ ಮೊದಲಿಂದ್ಲೂ ಗೊತ್ತಿತ್ತಾ ಪುಟ್ಟಿ?” ಅವನ ದನಿ ಕೂಸಿನ ದನಿಯಾಗಿತ್ತು. “ಯಾಕೆ ಹೇಳಲಿಲ್ಲ?”

ತಂಗಿ ಸರಸರನೆ ಕುಂಟುತ್ತ ಬಂದಳು. ಅಲ್ಲೇ ನೆಲದ ಮೇಲಿದ್ದ ಇನ್ನೊಂದು ಜಾಕನ್ನು ಊರುಗೋಲಿನಿಂದ ಅವನ ಕೈಗೆ ಸಿಗದಷ್ಟು ದೂರ ತಳ್ಳಿದಳು.

“ಆಣೆ ಇಟ್ಟಿದ್ಯಲ್ಲ ಅಣ್ಣ. ಮನೇಲಿ ಒಬ್ರಿಗಾದ್ರೂ ಎರಡು ಕಾಲು ಇರ್ಲಿ ಅಂತ.”