ಬಿಸಿಲು ಬೀಳುವ ಬಯಲು

ಅಣುಸ್ಥಾವರಕ್ಕೆ ಗದ್ದೆ ಬಿಟ್ಟುಕೊಟ್ಟು ಬಂದ ಬೀರಮ್ಮನಿಗೆ ಸರ್ಕಾರವೇ ಕೊಟ್ಟಿದ್ದ ಜಮೀನು ಅದು. ಈಗ ಸೋಲಾರ್ ಪ್ಯಾನೆಲ್ ಹಾಕುತ್ತೇವೆಂದು ಅದನ್ನೂ ಕೇಳಿಕೊಂಡು ಅಧಿಕಾರಿ ಬಂದು ನಿಂತಿದ್ದ.

“ಆವಾಗ ಬಿಸಿಲಿಂದ ಕರೆಂಟು ಬರ್ತಿರ್ಲಿಲ್ವಾ ಸಾಹೇಬ್ರೇ?”

“ಆಗ ತುಂಬಾ ದುಬಾರಿ ಇತ್ತಮ್ಮಾ. ಈಗ ಎರಡೂ ಬೇಕು. ಹಗಲಿಗೆ ಇದು, ರಾತ್ರಿಗೆ ಅದು.”

“ಅಂದ್ರೆ ರಾತ್ರಿ ದೀಪಕ್ಕೂ ನಾನೇ ಜಾಗ ಬಿಟ್ಟು ಏಳ್ಬೇಕು, ಹಗಲು ಫ್ಯಾನಿಗೂ ನಾನೇ ಏಳ್ಬೇಕು!”

ಅಧಿಕಾರಿ ತಡವರಿಸಿದ. “ಹಾಗಲ್ಲಮ್ಮಾ. ನಮಗೆ ಬಿಸಿಲು ಬೀಳೋ ಖಾಲಿ ಬಯಲು ಸಿಕ್ಕಿದ್ರೆ ಸಾಕು.”

“ಅಷ್ಟೇ ತಾನೆ? ನಂದೇ ಒಂದಿದೆ. ಜೀಪು ಹತ್ತಿ, ತೋರಿಸ್ತೀನಿ.”

ಅವನ ಮುಖ ಅರಳಿತು. ಬೀರಮ್ಮ ಮುಂದಿನ ಸೀಟಿನಲ್ಲೇ ಕೂತು ದಾರಿ ಹೇಳಿದಳು. ಜೀಪು ಎತ್ತರದ ತಂತಿಬೇಲಿಯ ಮುಂದೆ ನಿಂತಿತು. ಬೇಲಿಯಾಚೆ ಹುಲ್ಲು ಬೆಳೆದ ಬಯಲು, ಅದರ ತುದಿಯಲ್ಲಿ ಅಣುಸ್ಥಾವರದ ಗುಮ್ಮಟ.

“ಅಯ್ಯೋ, ಇದು ಸ್ಥಾವರದ ಸುತ್ತ ಸುರಕ್ಷತೆಗೆ ಅಂತ ಖಾಲಿ ಬಿಟ್ಟಿರೋ ಜಾಗ. ಇಲ್ಲಿ ಮನುಷ್ಯರು ಇರೋ ಹಾಗಿಲ್ಲಮ್ಮಾ!”

“ಗೊತ್ತು. ಹಾಗಂತ್ಲೇ ನನ್ನ ಎಬ್ಬಿಸಿದ್ದು.” ಬೀರಮ್ಮ ಕೆಳಗಿಳಿದು, ಬೇಲಿಯ ತಂತಿ ಹಿಡಿದು, ತನ್ನ ಹಳೇ ಗದ್ದೆಯತ್ತ ಕೈ ತೋರಿಸಿದಳು. “ನಿಮ್ಮ ಪ್ಯಾನೆಲ್ಲು ಮನುಷ್ಯರೇನು?”