ಮೀನಿಲ್ಲದ ಬೀಚು

ಮೀನಿನ ವಾಸನೆ ಮೂಗಿಗೆ ಬಡಿದಾಗ ಇವತ್ತಿಗೂ ನನಗೆ ಖಡಕ್ ರೊಟ್ಟಿಯ ಗಂಟೊಂದು ಕಣ್ಣಿಗೆ ಕಟ್ಟುತ್ತದೆ.

ದಾವಣಗೆರೆಯ ನಮ್ಮ ಮನೆಯಲ್ಲಿ ಮಂಗಳೂರಿಗೆ ಹೊರಡುವ ತಯಾರಿ ನಡೆದಿತ್ತು. ಸಮುದ್ರವನ್ನೇ ಕಾಣದ ಅಮ್ಮ ದಾರಿಗೆಂದು ರೊಟ್ಟಿ ಬಡಿದು, ಶೇಂಗಾ ಚಟ್ನಿಪುಡಿ ಕುಟ್ಟಿ ಗಂಟು ಕಟ್ಟಿದ್ದಳು. ಅಪ್ಪ ಪಣಂಬೂರು ಬೀಚಿಗೆ ಹೋಗೋಣವೆಂದ, ಅಮ್ಮ ಉಳ್ಳಾಲವೆಂದಳು. ದೊಡ್ಡಪ್ಪ ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು, "ಮೀನಿನ ವಾಸನೆ ಇಲ್ಲದ ಬೀಚು ಯಾವುದೈತೆ ಹೇಳ್ರಿ, ಅಲ್ಲಿಗೆ ಹೋಗಾಣ" ಎಂದ.

"ಸಮುದ್ರ ಅಂದಮ್ಯಾಲೆ ಮೀನಿಲ್ದಂಗ ಇರ್ತೈತೇನ್ರಿ ಭಾವಾರೆ?" ಎಂದಳು ಅಮ್ಮ.

"ಹಂಗಾದ್ರೆ ಸಮುದ್ರಾನೇ ಬ್ಯಾಡ. ನೀರು ತಾನೆ ನೋಡೋದು?"

ಅಪ್ಪ ಅಣ್ಣನ ಮಾತಿಗೆ ತಲೆಯಾಡಿಸಿದ. ಮಂಗಳೂರಿಗೆಂದು ಗೊತ್ತು ಮಾಡಿದ್ದ ಸುಮೋದಲ್ಲೇ ದೊಡ್ಡಪ್ಪ ಆ ಮಧ್ಯಾಹ್ನ ನಮ್ಮನ್ನೆಲ್ಲ ಹರಿಹರದ ಬಳಿಯ ಕೊಂಡಜ್ಜಿ ಕೆರೆಗೆ ಕರೆದೊಯ್ದ. ಹಸಿದು ಎರಡು ಸಲ ರೊಟ್ಟಿ ಕೇಳಿದ. ಅಮ್ಮ ಗಂಟು ಬಿಚ್ಚಲಿಲ್ಲ, ಅವನತ್ತ ನೋಡಲೂ ಇಲ್ಲ.

ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಒಬ್ಬ ಬಲೆ ಕೊಡವತೊಡಗಿದ. ದೊಡ್ಡಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡ. ಅಮ್ಮ ಎದ್ದು ಸೀದಾ ಬಲೆಯವನ ಬುಟ್ಟಿಯ ಬಳಿ ಹೋದಳು. "ಒಂದು ಕೊಡಪ್ಪ, ನೋಡ್ತೀನಿ" ಎಂದು ಹೊಳೆಯುವ ಮೀನನ್ನು ಎರಡೂ ಅಂಗೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ವಾಪಸು ಕೊಟ್ಟಳು.

ಬಂದವಳೇ ಕೈ ತೊಳೆಯದೆ ರೊಟ್ಟಿಯ ಗಂಟು ಬಿಚ್ಚಿದಳು.

"ಈಗ ಉಣ್ರಿ ಭಾವಾರೆ."