ಮುಂಗೈ ಮೇಲಿನ ಗಂಧೆ

ನನ್ನ ಸೀನಿಗೆ ಹೆದರಿ ನಮ್ಮ ಬೀದಿಯ ನಾಯಿಗಳು ಊರನ್ನೇ ಬಿಟ್ಟಿವೆ. ಧೂಳೆಂದರೆ ಅಂಥ ಅಲರ್ಜಿ ನನಗೆ. ಹಾಗಾಗಿ ಮದುವೆಯಾದಾಗಿನಿಂದ ಪೊರಕೆ ಮುಟ್ಟಿದವನಲ್ಲ. ಈ ಸಲವೂ ಹಬ್ಬಕ್ಕೆ ಅಟ್ಟ ಗುಡಿಸಲು ಹೆಂಡತಿ ವನಮಾಲಾ ಕೂಲಿಯಾಳನ್ನು ಗೊತ್ತುಮಾಡಿದಳು. ಆಮೇಲೆ, "ನಿಮ್ಮ ಅಲರ್ಜಿ ನಿಜವೋ ಸುಳ್ಳೋ ಇವತ್ತು ಗೊತ್ತಾಗ್ಲಿ," ಎಂದು ನನ್ನನ್ನು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ನನ್ನ ಮುಂಗೈ ಮೇಲೆ ಧೂಳು, ಜಿರಲೆ, ಪರಾಗ, ಬೆಕ್ಕಿನ ಕೂದಲು ಎಂದು ಸಾಲಾಗಿ ಹನಿ ಇಟ್ಟು, ಕೊನೆಗೆ ಹೆಸರು ಹೇಳದೆ ಇನ್ನೊಂದು ಹನಿಯನ್ನೂ ಇಟ್ಟು, ಒಂದೊಂದರ ಮೇಲೂ ಸೂಜಿ ಚುಚ್ಚಿದರು. ಯುದ್ಧಭೂಮಿಯಲ್ಲೂ ಯಾರೂ ಅಷ್ಟು ಗಾಯಗೊಂಡಿರಲಾರರು.

ಸ್ವಲ್ಪ ಹೊತ್ತಿಗೆ ಕೊನೆಯ ಹನಿಯ ಜಾಗದಲ್ಲಿ ಕೆಂಪಗೆ ಗಂಧೆ ಎದ್ದಿತು.

"ನೋಡಿದ್ಯಾ? ಇಡ್ಲಿ ಗಾತ್ರ!" ಎಂದು ಕೈ ಎತ್ತಿ ಹಿಡಿದೆ.

"ಅಯ್ಯೋ, ಸುಮ್ನೆ ಅನುಮಾನ ಪಟ್ನಲ್ರೀ," ವನಮಾಲಾಳ ಕಣ್ಣು ತುಂಬಿತು.

"ಅದು ಎಲ್ಲರಿಗೂ ಏಳುತ್ತಮ್ಮ," ಎಂದರು ಡಾಕ್ಟರಮ್ಮ. "ಪರೀಕ್ಷೆ ಸರಿಯಾಗಿ ನಡೀತಿದೆಯಾ ಅಂತ ನೋಡೋಕೆ ಇಡೋ ಹನಿ ಅದು. ಧೂಳಿನ ಜಾಗ ನೋಡಿ, ಸೊಳ್ಳೆ ಕಚ್ಚಿದಷ್ಟೂ ಊದಿಲ್ಲ."

ವನಮಾಲಾ ಕಣ್ಣೊರೆಸಿಕೊಂಡು ಕೂಲಿಯಾಳಿಗೆ ಫೋನ್ ಮಾಡಿದಳು: "ನಾಳೆ ಬರೋದು ಬೇಡಪ್ಪ, ಅಟ್ಟ ಗುಡಿಸೋಕೆ ಮನೇಲೇ ಆಳಿದ್ದಾರೆ."